ತೀರ್ಥಮ್ಮನ ಹಗೆಯೂ ಗಿಣ್ಣಿನ ಬಟ್ಟಲೂ

ತೀರ್ಥಮ್ಮನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಸ್ಟೀಲ್ ಬಟ್ಟಲು ಒಂಬತ್ತು ವರ್ಷ ಕವುಚಿಕೊಂಡೇ ಇತ್ತು. ಅದರ ಅಂಚಿನ ಕೆಳಗೆ 'ಶಿವಮೂರ್ತಪ್ಪ' ಎಂದು ಹೆಸರು ಕೆತ್ತಿತ್ತು. ಈ ಕಡೆಯ ಮನೆಗಳಲ್ಲಿ ನೆರೆಯವರ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆ ಮನೆಗೆ ನಾಲ್ಕು ಕಾಳು ಸಕ್ಕರೆ ಕೊಡುವ ಮನಸ್ಸು ತೀರ್ಥಮ್ಮನಿಗೆ ಇರಲಿಲ್ಲ. ಬಂದ ಬಟ್ಟಲಿಗೆ ತಕ್ಕದ್ದೇನಾದರೂ ಸಿಗಲಿ, ಆಗ ತುಂಬಿಸಿ ಕೊಟ್ಟರಾಯಿತು ಎಂದು ಕಾಯುತ್ತಿದ್ದಳು.

ಕಾಯುವುದು ಅವಳಿಗೆ ಹೊಸದಲ್ಲ. ಮದುವೆಮನೆಯೊಂದರಲ್ಲಿ ತನ್ನ ಎಲೆಗೆ ಎರಡನೇ ಸಲ ಹೋಳಿಗೆ ಬಡಿಸದೆ ಮುಂದೆ ಹೋದ ದೂರದ ಅತ್ತಿಗೆಯ ಹೆಸರನ್ನು ಇಪ್ಪತ್ತೆಂಟು ವರ್ಷವಾದರೂ ಅವಳು ಮರೆತಿಲ್ಲ. ಕಡೂರಿನ ಸಂತೆಯಲ್ಲಿ ಹಗ್ಗ ಅಳೆಯುವಾಗ ಒಂದು ಮೊಳ ಕಡಿಮೆ ಕೊಟ್ಟವನ ಅಂಗಡಿಯ ಮುಂದೆ ಇವತ್ತಿಗೂ ಮುಖ ಆ ಕಡೆ ತಿರುಗಿಸಿಕೊಂಡೇ ನಡೆಯುತ್ತಾಳೆ. ಆ ಅಂಗಡಿಯವನು ಸತ್ತು, ಈಗ ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿದೆ. ಅವಳ ಗಂಡ ಚಂದ್ರಕುಮಾರ್ ಬಾಯಲ್ಲಿ ಮೂವತ್ತು ವರ್ಷದಿಂದ ಇರುವುದು ಒಂದೇ ಮಾತು: "ಬಿಡೇ, ಹೋಗ್ಲಿ." ಬಿಡುವವಳಾಗಿದ್ದರೆ ಅವಳು ತೀರ್ಥಮ್ಮ ಯಾಕಾಗುತ್ತಿದ್ದಳು?

ಅವಳ ತವರು ಅಮೃತಾಪುರ. ಅಪ್ಪನಿಗೆ ಹೊಲ ಕಮ್ಮಿ, ದನ ಜಾಸ್ತಿ. ಹನ್ನೊಂದನೆಯ ವಯಸ್ಸಿನಲ್ಲಿ, ತಾಯಿಯ ಹೊಟ್ಟೆಯೊಳಗೆ ಕಾಲು ಮಡಚಿಕೊಂಡು ಸಿಕ್ಕಿಹಾಕಿಕೊಂಡಿದ್ದ ಕರುವನ್ನು ತನ್ನ ಸಣ್ಣ ಕೈ ತೂರಿಸಿ, ಕಾಲು ನೇರ ಮಾಡಿ, ಈಚೆಗೆ ತಂದಳು. ಹಸುವೂ ಉಳಿಯಿತು, ಕರುವೂ ಉಳಿಯಿತು. ಆವತ್ತಿನಿಂದ ಆ ಹುಡುಗಿಯ ಕೈಗುಣ ಚೆನ್ನಾಗಿದೆ ಎಂಬ ಮಾತು ಹುಟ್ಟಿತು. ಬುಕ್ಕಾಂಬುಧಿ ಕೆರೆ ದಾಟಿ ಸಿಗುವ ಈ ಸಣ್ಣ ಊರಿಗೆ ಮದುವೆಯಾಗಿ ಬಂದಾಗ ಅವಳ ಜೊತೆ ಒಡವೆ ಹೆಚ್ಚೇನೂ ಬರಲಿಲ್ಲ, ಆ ಮಾತು ಬಂತು. ಯಾರ ಮನೆಯ ಹಸು ನೋವು ತಿನ್ನುತ್ತಿದ್ದರೂ ಅವಳಿಗೇ ಕರೆ. ಊರವರು ಅವಳಿಗೆ ಪಡ್ಡೆ ಕಡಸುಗಳನ್ನು ಪಾಲಿಗೆ ಕೊಡುವುದಕ್ಕೆ ಮುಂದೆ ಬರುತ್ತಿದ್ದರು. ಮನೆಗೆ ಬೇಕಾದ್ದೆಲ್ಲ ಆ ಕೈಯಿಂದಲೇ ಬರುತ್ತಿತ್ತು, ತಲೆ ಎತ್ತಿಕೊಂಡು ನಡೆಯುವ ಧೈರ್ಯವೂ ಆ ಕೈಯಿಂದಲೇ ಬಂದಿತ್ತು.

ಪಾಲು ಎಂದರೆ ಇಲ್ಲಿ ಹೀಗೆ. ಒಬ್ಬರು ತಮ್ಮ ಹೆಣ್ಣುಗರುವನ್ನು ಇನ್ನೊಬ್ಬರಿಗೆ ಸಾಕಲು ಕೊಡುತ್ತಾರೆ. ಅದು ಬೆಳೆದು, ಗಬ್ಬವಾಗಿ, ಕರು ಹಾಕಿದ ಮೇಲೆ ಹಸು ಕೊಟ್ಟವರಿಗೆ, ಮೊದಲ ಕರು ಸಾಕಿದವರಿಗೆ. ಕಾಗದ ಪತ್ರ ಏನಿಲ್ಲ, ಒಬ್ಬರು ಸಾಕ್ಷಿ ಇದ್ದರೆ ಆಯಿತು. ತೀರ್ಥಮ್ಮನಿಗೆ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಚುಕ್ಕಿ ಎಂಬ ಕರುವನ್ನು ಹಾಗೆ ಪಾಲಿಗೆ ಕೊಟ್ಟವನು ಶಿವಮೂರ್ತಪ್ಪ. ಚಂದ್ರಕುಮಾರನ ದೊಡ್ಡಪ್ಪನ ಮಗ, ಅವಳಿಗೆ ಭಾವ, ಊರಿನ ಡೈರಿಯ ಅಧ್ಯಕ್ಷ. ವಯಸ್ಸಿಗೆ ಬೆಲೆ ಕೊಟ್ಟು 'ಕೊಟ್ಟವರು' ಎಂದೇ ಬರೆಯಬೇಕಿತ್ತು. ಆದರೆ ಈ ಕಥೆಯನ್ನು ತೀರ್ಥಮ್ಮನ ಪಕ್ಕ ಕೂತು ಹೇಳುತ್ತಿರುವುದರಿಂದ ಅದು ಆಗುವ ಮಾತಲ್ಲ. ಸಾಕ್ಷಿಯಾಗಿ ಇದ್ದವರು ಡೈರಿಯ ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯ.

ಮೂರು ವರ್ಷ ಅವಳು ಚುಕ್ಕಿಯನ್ನು ಮಗಳಂತೆ ಸಾಕಿದಳು. ಒಂದು ಬೆಳಿಗ್ಗೆ ಎಂಟು ಗಂಟೆಗೆ ಚುಕ್ಕಿ ಹೆಣ್ಣುಗರು ಹಾಕಿತು. ಹಣೆಯಲ್ಲಿ ಅದೇ ಬೊಟ್ಟು. ಕರು ಇನ್ನೂ ಎದ್ದು ನಿಂತಿರಲಿಲ್ಲ, ತೀರ್ಥಮ್ಮ ಒಣ ಹುಲ್ಲಿನಿಂದ ಅದರ ಮೈ ಉಜ್ಜುತ್ತಿದ್ದಳು. ಶಿವಮೂರ್ತಪ್ಪ ಇಬ್ಬರು ಆಳುಗಳ ಜೊತೆ ಬಂದು ನಿಂತ. ಅವನ ಮಗಳನ್ನು ನೋಡಲು ಆವತ್ತು ಕಡೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಬಂದವರಿಗೆ ಮನೆಯ ಹಸುವಿನದೇ ಗಿಣ್ಣು ಮಾಡಿ ಬಡಿಸಬೇಕು ಎಂದು ಅವನ ಹಟ.

"ಒಂದೊತ್ತು ಬಿಡಿ ಭಾವ. ಕರು ಇನ್ನೂ ಮೊಲೆಗೆ ಬಾಯಿ ಹಾಕಿಲ್ಲ," ಎಂದಳು ತೀರ್ಥಮ್ಮ.

"ಹಸು ನಮ್ದು, ಕರು ನಿಮ್ದು. ಮಾತಾಗಿದ್ದು ಅಷ್ಟೇ ಅಲ್ವೇನಮ್ಮ?"

"ಹೌದು. ಆದ್ರೆ ಹಾಲು ಬಿಡೋಗಂಟ ತಾಯಿ ಜೊತೆ ಇರ್ಬೇಕಲ್ವಾ?"

"ಹಂಗಂತ ಯಾರು ಮಾತಾಡಿದ್ರು?"

ಯಾರೂ ಮಾತಾಡಿರಲಿಲ್ಲ. ಬಾಯಿ ಬಿಟ್ಟು ಹೇಳಬೇಕಾದ ವಿಷಯ ಅದು ಎಂದು ಆವರೆಗೆ ಈ ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಆಳುಗಳು ಹಗ್ಗ ಬಿಚ್ಚಿದರು. ಚುಕ್ಕಿ ಹಿಂದೆ ತಿರುಗಿ ತಿರುಗಿ ಕೂಗುತ್ತಾ ಹೋಯಿತು. ಎದುರಿನ ಡೈರಿಯ ಜಗಲಿಯಲ್ಲಿ ನಿಂತಿದ್ದ ಮಲ್ಲಿಕಾರ್ಜುನಯ್ಯ ಎಲ್ಲವನ್ನೂ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಒಳಗೆ ಹೋದರು. ಅಧ್ಯಕ್ಷರ ಮುಂದೆ ಕಾರ್ಯದರ್ಶಿ ಬಾಯಿ ಬಿಡುವುದುಂಟೆ?

ಆ ಸಂಜೆ ಶಿವಮೂರ್ತಪ್ಪನ ಮನೆಯಿಂದ ಒಂದು ಬಟ್ಟಲು ಗಿಣ್ಣು ಬಂತು. ಬೆಲ್ಲ, ಏಲಕ್ಕಿ ಹಾಕಿ, ಹಳದಿಯಾಗಿ ಹದವಾಗಿ ಕಾಸಿದ್ದು. ತೀರ್ಥಮ್ಮ ಅದನ್ನು ಮುಟ್ಟಲಿಲ್ಲ. ಚಂದ್ರಕುಮಾರ್ ಹೊಲದಿಂದ ಹಸಿದು ಬಂದವನು ಹಿಂದೆಮುಂದೆ ನೋಡದೆ ತಿಂದುಬಿಟ್ಟ. ಮೂರು ತಿಂಗಳು ಅವಳು ಗಂಡನ ಜೊತೆ ಮಾತಾಡಲಿಲ್ಲ.

ಕರುವಿಗೆ ಅವಳು ಕೊಟ್ಟಿಗೆಯ ಇನ್ನೊಂದು ಹಸುವಿನ ಹಾಲು ಕುಡಿಸಿದಳು. ಆ ಹಸು ಕರು ಹಾಕಿ ಏಳು ತಿಂಗಳಾಗಿತ್ತು. ಐದನೇ ದಿನ ಕರುವಿಗೆ ಭೇದಿ ಹತ್ತಿತು. ಎಂಟನೇ ದಿನ ಕಣ್ಣು ಗುಳಿ ಬಿದ್ದವು. ಹನ್ನೊಂದನೇ ದಿನ ಮಧ್ಯಾಹ್ನ ಕೊಟ್ಟಿಗೆಯ ಬಾಗಿಲ ಕಲ್ಲಿನ ಪಕ್ಕ, ಅವಳ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಸತ್ತಿತು.

ಮಾರನೇ ದಿನ ಡೈರಿಯಲ್ಲಿ ಹಾಲಿನ ಸಾಲು ನಿಂತಿದ್ದಾಗ ಶಿವಮೂರ್ತಪ್ಪ ಎಲ್ಲರ ಎದುರು ಹೇಳಿದ: "ಹಸು ನಮ್ಮನೇಲಿ ಚೆಂದಾಗೈತೆ. ಕರು ಅವಳ ಕೈಲಿತ್ತು, ಹೋಯ್ತು. ಮೊದಲಿನ ಕೈಗುಣ ಇಲ್ಲ ಬಿಡ್ರಿ ಅವಳ್ದು."

ಆ ಒಂದು ಮಾತು ಸಾಕಾಯಿತು. ಪಾಲಿಗೆ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಕಡಸುಗಳನ್ನು ಹೊಡೆದುಕೊಂಡು ಹೋದರು. ಹಿಂದಿನ ಬೀದಿಯ ತಿಪ್ಪಮ್ಮ, ಯಾರ ಹಸುವಿಗೆ ತೀರ್ಥಮ್ಮ ನಾಲ್ಕು ಸಲ ಬಾಣಂತನ ಮಾಡಿದ್ದಳೋ ಆ ತಿಪ್ಪಮ್ಮ, ಐದನೇ ಸಲ ಪಕ್ಕದೂರಿನವನನ್ನು ಕರೆಸಿದಳು. ಅದೆಲ್ಲ ಹಾಗಿರಲಿ. ತೀರ್ಥಮ್ಮನನ್ನು ಒಳಗೊಳಗೇ ತಿಂದದ್ದು ಬೇರೆ. ಆ ಮಾತನ್ನು ಅವಳೂ ನಂಬಿದಳು. ರಾತ್ರಿ ಊಟಕ್ಕೆ ಕೂತಾಗ ತನ್ನ ಬಲಗೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಮೂರು ವರ್ಷ ಹೀಗೇ ಹೋಯಿತು.

ಮೂರು ವರ್ಷವಾದ ಮೇಲೆ ಅಜ್ಜಂಪುರದಲ್ಲಿ ದನಗಳ ತಪಾಸಣಾ ಶಿಬಿರ ನಡೆಯಿತು. ತೀರ್ಥಮ್ಮ ತನ್ನ ಹಸುವಿನ ಕಾಲುನೋವಿಗೆ ಔಷಧಿ ತರಲು ಹೋಗಿದ್ದಳು. ಅಲ್ಲಿ ಶ್ರೀವಾಣಿ ಎಂಬ ಹೊಸ ಡಾಕ್ಟರು, ಮೂವತ್ತು ದಾಟಿರದ ಹೆಣ್ಣುಮಗಳು, ಹುಟ್ಟಿದ ಕರುಗಳ ಬಗ್ಗೆ ಮಾತಾಡುತ್ತಿದ್ದಳು. ಓದುವಾಗ ಅವಳು ಮಾಡಿದ ಅಧ್ಯಯನವೇ ಅದಂತೆ. ಕರುಗಳ ರಕ್ತ ತೆಗೆದು, ಅದರ ಕಣಗಳು ಎಷ್ಟು ಬಗೆಯ ಪ್ರತಿಕಾಯ ಮಾಡುತ್ತವೆ ಎಂದು ನೋಡುವುದು. ಶಾಮಿಯಾನದ ಕೆಳಗೆ ಕೂತಿದ್ದ ಅರ್ಧ ಜನ ಆಕಳಿಸುತ್ತಿದ್ದರು. ತೀರ್ಥಮ್ಮ ಮಾತ್ರ ಎದ್ದು ಮುಂದಿನ ಸಾಲಿಗೆ ಹೋಗಿ ಕೂತಳು.

"ರೋಗ ಬಂದಾಗ ಅದನ್ನ ಹಿಡಿದು ಹಾಕೋ ಪದಾರ್ಥ ರಕ್ತದಲ್ಲಿರುತ್ತೆ, ಅದಕ್ಕೇ ಪ್ರತಿಕಾಯ ಅನ್ನೋದು," ಎಂದಳು ಡಾಕ್ಟರು. "ಒಂದೊಂದು ಕಣ ಒಂದೊಂದು ಬಗೇದು ಮಾಡುತ್ತೆ. ದೊಡ್ಡ ಹಸೂನಲ್ಲಿ ಲಕ್ಷಗಟ್ಟಲೆ ಬಗೆ. ಆಗ ತಾನೇ ಹುಟ್ಟಿದ ಕರುವಿನ ಕಣಗಳಲ್ಲಿ ಬಗೆ ತುಂಬ ಕಮ್ಮಿ. ಅವು ತಮ್ಮೊಳಗಿನ ತುಂಡುಗಳನ್ನ ಕತ್ತರಿಸಿ, ಜೋಡಿಸಿ, ತಿದ್ದಿ ತಿದ್ದಿ ಹೊಸ ಬಗೆ ಮಾಡ್ಕೋಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತೆ."

"ಅಲ್ಲೀಗಂಟ?" ಎಂದಳು ತೀರ್ಥಮ್ಮ.

"ಅಲ್ಲಿವರೆಗೂ ತಾಯಿ ಗಿಣ್ಣುಹಾಲೇ ಕಾಪಾಡಬೇಕಮ್ಮ. ಮನುಷ್ಯರ ಮಗುವಿಗೆ ಹೊಟ್ಟೇಲಿದ್ದಾಗಲೇ ತಾಯಿಯಿಂದ ಒಂದಿಷ್ಟು ಬಂದಿರುತ್ತೆ. ಕರುವಿಗೆ ಹಾಗಿಲ್ಲ. ಎಲ್ಲಾ ಗಿಣ್ಣಿನಲ್ಲೇ ಬರಬೇಕು."

ತೀರ್ಥಮ್ಮ ಮುಂದಕ್ಕೆ ಬಾಗಿದಳು. "ಅಂದ್ರೆ, ಹಸೂಗೆ ಅದು ಕಂಡ ರೋಗದ ಮೇಲೆಲ್ಲ ಹಗೆ ಇರ್ತದೆ. ಕರೂಗೆ ಇನ್ನೂ ಯಾರ ಮೇಲೂ ಹಗೆ ಹುಟ್ಟಿಲ್ಲ. ತಾಯಿ ತನ್ನ ಹಗೇನೆಲ್ಲ ಗಿಣ್ಣಲ್ಲಿ ಮಗೀಗೆ ಕೊಡ್ತಾಳೆ."

ಡಾಕ್ಟರು ನಕ್ಕಳು. "ನಾನು ಎರಡು ವರ್ಷ ಓದಿದ್ದನ್ನ ನೀವು ಒಂದು ಮಾತಲ್ಲಿ ಹೇಳಿಬಿಟ್ರಿ."

"ಹಾಲು ಕೊಟ್ರೆ ಆಗಲ್ವಾ? ಬೇರೆ ಹಸೂದು, ಹಳೇ ಹಾಲು?"

"ಹೊಟ್ಟೆ ತುಂಬುತ್ತೆ, ಅಷ್ಟೇ. ಇನ್ನೊಂದು ಕೇಳಿ. ಕರುವಿನ ಕರುಳು ಗಿಣ್ಣಿನ ಪ್ರತಿಕಾಯಾನ ಇಡಿಯಾಗಿ ರಕ್ತಕ್ಕೆ ಬಿಟ್ಕೊಳ್ಳೋದು ಒಂದೇ ಒಂದು ದಿನ. ಹುಟ್ಟಿದ ಗಳಿಗೆಯಿಂದಲೇ ಆ ಬಾಗಿಲು ಮುಚ್ತಾ ಬರುತ್ತೆ. ಮಾರನೇ ದಿನ ಕೊಡಗಟ್ಟಲೆ ಕುಡಿಸಿದ್ರೂ ರಕ್ತಕ್ಕೆ ಹೋಗಲ್ಲ."

ಬುಕ್ಕಾಂಬುಧಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೀರ್ಥಮ್ಮ ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ. ಮೂರು ವರ್ಷ ತನ್ನ ಕೈಯನ್ನು ತಾನೇ ಬೈದುಕೊಂಡಿದ್ದಳಲ್ಲ, ಆ ಸಿಟ್ಟಿಗೆ. ಕರು ಸತ್ತದ್ದು ಹನ್ನೊಂದನೇ ದಿನ ಅಲ್ಲ, ಮೊದಲನೇ ದಿನ ಬೆಳಿಗ್ಗೆ ಎಂಟೂವರೆಗೇ ಸತ್ತಿತ್ತು. ಅದನ್ನು ಕೊಂದವನು ಅದರ ಪಾಲಿನ ಗಿಣ್ಣನ್ನು ಬೀಗರಿಗೆ ಬಡಿಸಿ, ಉಳಿದದ್ದನ್ನು ಬಟ್ಟಲಲ್ಲಿ ಹಾಕಿ ತನಗೇ ಕಳಿಸಿದ್ದ. ಬಸ್ಸಿಳಿಯುವ ಹೊತ್ತಿಗೆ ಅವಳ ಕಣ್ಣು ಒಣಗಿತ್ತು. ಆ ಬಾಯಿಂದಲೇ, ಆ ಡೈರಿಯ ಮುಂದೆಯೇ, ಆ ಜನರ ಎದುರೇ ತನ್ನ ಕೈಗುಣ ವಾಪಸ್ ಬರಬೇಕು. ಅದಾಗುವವರೆಗೆ ತಾನು ಸಾಯುವುದಿಲ್ಲ ಎಂದು ತೀರ್ಮಾನ ಮಾಡಿದಳು.

ಬಾಯಲ್ಲಿ ಜಗಳಕ್ಕೆ ಹೋಗಿದ್ದರೆ ಎರಡು ದಿನ ಜನ ಕೇಳುತ್ತಿದ್ದರು, ಮೂರನೇ ದಿನ ಮರೆಯುತ್ತಿದ್ದರು. ತೀರ್ಥಮ್ಮ ಅಷ್ಟು ದಡ್ಡಿಯಲ್ಲ. ಅವಳು ಒಂದು ಹಳೆಯ ಫ್ರಿಜ್ಜು ತರಿಸಿದಳು. ಯಾರ ಮನೆಯ ಹಸು ಕರು ಹಾಕಿದರೂ ಹೋಗಿ, ಕರು ಹೊಟ್ಟೆ ತುಂಬ ಕುಡಿದ ಮೇಲೆ ಮಿಕ್ಕಿದ ಗಿಣ್ಣುಹಾಲನ್ನು ಕೇಳಿ ತಂದು, ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿ, ಯಾವ ಹಸು, ಯಾವ ದಿನ ಎಂದು ಚೀಟಿ ಅಂಟಿಸಿ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟಳು. ಶ್ರೀವಾಣಿ ಡಾಕ್ಟರು ಅವಳಿಗೆ ಒಂದು ಸಣ್ಣ ಕೊಳವೆಯಂಥ ಯಂತ್ರ ಕೊಟ್ಟಿದ್ದಳು. ಅದರ ಗಾಜಿನ ಮೇಲೆ ಎರಡು ಹನಿ ಗಿಣ್ಣು ಬಿಟ್ಟು ಬೆಳಕಿಗೆ ಹಿಡಿದರೆ ಗಿಣ್ಣು ಗಟ್ಟಿಯೋ ತೆಳುವೋ ತಿಳಿಯುತ್ತದೆ. ತೆಳುವಾದದ್ದನ್ನು ಅವಳು ಇಟ್ಟುಕೊಳ್ಳುತ್ತಿರಲಿಲ್ಲ.

ಮೊದಮೊದಲು ಊರು ನಕ್ಕಿತು. ಗಿಣ್ಣು ಎಂದರೆ ನೆರೆಹೊರೆಗೆ ಹಂಚಿ ತಿನ್ನುವ ಸಿಹಿ, ಅದನ್ನು ಬಾಟಲಿಗೆ ತುಂಬಿ ಹೂಳುವವಳನ್ನು ಯಾರು ಕಂಡಿದ್ದರು? ಆಮೇಲೆ ತಿಪ್ಪಮ್ಮನ ಹಸುವಿಗೆ ಕೆಚ್ಚಲು ಬಾವು ಬಂದು ಗಿಣ್ಣು ಕೆಟ್ಟಾಗ, ತೀರ್ಥಮ್ಮ ಹಳೆಯದನ್ನು ಎತ್ತಿ ಆಡದೆ ಎರಡು ಬಾಟಲಿ ತಂದು ಕರುವಿಗೆ ಕುಡಿಸಿದಳು. ಆ ಕರು ಬದುಕಿತು. ಆರು ವರ್ಷದಲ್ಲಿ ಅಂಥ ಹದಿನೇಳು ಕರುಗಳು ಬದುಕಿದವು. ಯಾರೂ ಕೈಗುಣದ ಮಾತೆತ್ತಲಿಲ್ಲ. "ಫ್ರಿಜ್ಜಿನ ಗುಣ," ಎಂದರು. ತೀರ್ಥಮ್ಮ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಳು.

ಆ ಫ್ರಿಜ್ಜಿಗೆ ಒಂದೇ ನಿಯಮ. ಶಿವಮೂರ್ತಪ್ಪನ ಕೊಟ್ಟಿಗೆಗೆ ಒಂದು ಹನಿಯೂ ಹೋಗುವಂತಿಲ್ಲ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಗೊತ್ತಿಲ್ಲದವರು ಊರಲ್ಲಿ ಇರಲಿಲ್ಲ.

ಈ ವರ್ಷ ಮಾಗಿಯ ಒಂದು ಬೆಳಿಗ್ಗೆ ಆ ದಿನ ಬಂತು. ಆರು ಗಂಟೆಗೆ ಶಿವಮೂರ್ತಪ್ಪನ ಕೊಟ್ಟಿಗೆಯಲ್ಲಿ ಚುಕ್ಕಿಗೆ ಆಮೇಲೆ ಹುಟ್ಟಿದ್ದ ಮಗಳು ಹೆಣ್ಣುಗರು ಹಾಕಿತು. ಹಾಕಿದ ಮೇಲೆ ರಕ್ತ ನಿಲ್ಲಲಿಲ್ಲ. ಏಳು ಗಂಟೆಗೆ ಹಸು ಹೋಯಿತು. ಸತ್ತ ಹಸುವಿನ ಕೆಚ್ಚಲಿಗೆ ಕೈ ಹಾಕುವವರು ಯಾರು? ಊರಲ್ಲಿ ಆ ವಾರ ಬೇರೆ ಯಾವ ಹಸುವೂ ಕರು ಹಾಕಿರಲಿಲ್ಲ. ಗಿಣ್ಣಿನ ಪುಡಿ ಸಿಗುತ್ತದೆಂದು ಯಾರೋ ಹೇಳಿದರು ಅಂತ ಶಿವಮೂರ್ತಪ್ಪ ಜೀಪು ಹತ್ತಿ ತರೀಕೆರೆಗೆ ಹೊರಟ. ಹೊರಡುವಾಗ ಮನೆಯವರಿಗೆ ಒಂದು ಮಾತು ಹೇಳಿಯೇ ಹೋದ: "ಆ ಹೆಂಗಸಿನ ಬಾಗ್ಲಿಗೆ ಯಾರೂ ಹೋಗ್ಬೇಡಿ."

ಏಳೂವರೆಗೆ ಅವನ ಸೊಸೆ ಸುಮನಾ ಹಿತ್ತಲ ದಾರಿಯಲ್ಲಿ ತೀರ್ಥಮ್ಮನ ಕೊಟ್ಟಿಗೆಗೆ ಬಂದು ನಿಂತಳು. ಅವಳು ಮದುವೆಯಾಗಿ ಬಂದು ನಾಲ್ಕು ವರ್ಷ, ಹಳೆಯ ಜಗಳದಲ್ಲಿ ಅವಳ ಪಾಲು ಏನೂ ಇರಲಿಲ್ಲ.

"ಚಿಕ್ಕತ್ತೆ, ಒಂದು ಬಾಟ್ಲಿ ಕೊಡಿ. ಕರು ಕೂಗ್ತಾ ಐತೆ."

"ನನ್ ಕರೂನೂ ಕೂಗಿತ್ತು," ಎಂದಳು ತೀರ್ಥಮ್ಮ. ಸಗಣಿ ಬಾಚುವುದನ್ನು ನಿಲ್ಲಿಸಲಿಲ್ಲ.

"ಅದು ಏನ್ ಮಾಡ್ತು ಚಿಕ್ಕತ್ತೆ?"

"ನಂದೇನ್ ಮಾಡಿತ್ತು? ಹೋಗಮ್ಮ ನೀನು. ಬೇಕಾದೋರು ಬರ್ಲಿ."

ಸುಮನಾ ಹೋದಳು. ತೀರ್ಥಮ್ಮ ಸಗಣಿ ಬಾಚಿ ಮುಗಿಸಿದಳು. ಒಂಬತ್ತು ವರ್ಷದಿಂದ ಕಾದ ಗಳಿಗೆ ಇದು, ಅವಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಎದೆಯೊಳಗೆ ಹಬ್ಬದ ದಿನದ ಹಾಗೆ ಒಂದು ಉಮೇದು. ಆದರೆ ಗಡಿಯಾರ ಎಂಟಾಯಿತು ಎಂದಾಗ ಅವಳ ತಲೆಯಲ್ಲಿ ಲೆಕ್ಕವೂ ಓಡತೊಡಗಿತು: ಹುಟ್ಟಿ ಎರಡು ಗಂಟೆ, ಬಾಗಿಲು ಮುಚ್ಚುತ್ತಿದೆ. ಆ ಲೆಕ್ಕ ಗೊತ್ತಿಲ್ಲದಿದ್ದರೆ ಅವಳು ನೆಮ್ಮದಿಯಾಗಿ ಕೂತಿರುತ್ತಿದ್ದಳು. ಶಿವಮೂರ್ತಪ್ಪ ತಿಳಿಯದೆ ಕೊಂದ, ತಾನು ತಿಳಿದೂ ತಿಳಿದೂ ಕೊಲ್ಲುತ್ತಿದ್ದೇನೆ ಎಂಬುದು ಅವಳಿಗೆ ಚುಚ್ಚಿತು. ಅವನಿಗಿಂತ ಕೀಳಾಗುವುದನ್ನು ಅವಳ ಹಗೆಯೇ ಒಪ್ಪಲಿಲ್ಲ. ಹೋಗಿ, ಮನೆಗೆ ಹೋಗಲಾರದೆ ಹಿತ್ತಲ ಬೇಲಿಯ ಹತ್ತಿರವೇ ನಿಂತಿದ್ದ ಸುಮನಾಳ ಕೈಗೆ ಒಂದು ಬಾಟಲಿ ಕೊಟ್ಟಳು. "ಬೆಚ್ಚಗೆ ಮಾಡಿ ಕುಡ್ಸು," ಎಂದಳು.

ಬೆಚ್ಚಗೆ ಎಂದರೆ ಎಷ್ಟು ಎಂದು ಹೇಳಲಿಲ್ಲ. ಅಲ್ಲೇ ಕೆಟ್ಟಿತು. ಮನೆಯಲ್ಲಿ ಸುಮನಾಳ ಅತ್ತೆ ಗಿಣ್ಣುಹಾಲನ್ನು ಹುಟ್ಟಿದಾಗಿನಿಂದ ಹೇಗೆ ಮಾಡಿಕೊಂಡು ಬಂದಿದ್ದಳೋ ಹಾಗೇ ಮಾಡಿದಳು. ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಗಿಣ್ಣು ಬಿಸಿಯಾದರೆ ಏನಾಗುತ್ತದೆ? ಗಿಣ್ಣಾಗುತ್ತದೆ. ಎಂಟೂ ಮುಕ್ಕಾಲಿಗೆ ಸುಮನಾ ಗಟ್ಟಿಯಾಗಿ ಕೂತಿದ್ದ ಗಿಣ್ಣಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಳುತ್ತಾ ವಾಪಸ್ ಬಂದಳು. ಪುಟ್ಟ ಕರುವಿಗೆ ಅದನ್ನು ಚಮಚದಲ್ಲಿ ತಿನ್ನಿಸಲು ಹೋಗಿದ್ದರಂತೆ.

ಫ್ರೀಜರಿನಲ್ಲಿ ಉಳಿದದ್ದು ಎರಡೇ ಬಾಟಲಿ. ಬೆಳಿಗ್ಗೆಗೆ ಒಂದು, ಸಂಜೆಗೆ ಒಂದು. ಇನ್ನೊಂದು ಸಲ ಆ ಮನೆಯ ಒಲೆಯನ್ನು ನಂಬುವ ಹಾಗಿರಲಿಲ್ಲ, ಆ ಮನೆಯ ಹೊಸಲು ದಾಟುವುದಿಲ್ಲ ಎಂದು ತೀರ್ಥಮ್ಮ ಆಣೆ ಮಾಡಿದ್ದಳು.

"ಕರೂನ ಇಲ್ಲಿಗೇ ತರ್ಸು. ಪಾತ್ರೆ ಇಲ್ಲೇ ಇಡು," ಎಂದಳು.

ಸುಮನಾಳ ಗಂಡ ಓಂಕಾರೇಶ್ ಕರುವನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಬಂದ. ತೀರ್ಥಮ್ಮ ಬಾಟಲಿಯನ್ನು ಕೈ ಅದ್ದಿದರೆ ತಡೆಯುವಷ್ಟು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ಕರಗಿದ ಮೇಲೆ ಬೆರಳಿಗೆ ಗಿಣ್ಣು ಹಚ್ಚಿ ಕರುವಿನ ಬಾಯಿಗಿಟ್ಟಳು. ಅದು ಚೀಪಿತು. ಹಣೆಯ ಮೇಲೆ ಬಿಳಿ ಬೊಟ್ಟು. ತೀರ್ಥಮ್ಮ ಯಾರಿಗೂ ಮುಖ ತೋರಿಸದೆ ಪೂರ್ತಿ ಎರಡು ಲೀಟರ್ ಕುಡಿಸಿದಳು. ಒಂಬತ್ತೂವರೆ ಆಗಿತ್ತು. ಕರುವನ್ನು ಅಲ್ಲೇ ಒಣ ಹುಲ್ಲಿನ ಮೇಲೆ ಮಲಗಿಸಿದಳು.

ತರೀಕೆರೆಯಲ್ಲಿ ಪುಡಿ ಸಿಗದೆ ಶಿವಮೂರ್ತಪ್ಪ ಕಡೂರಿಗೆ ಹೋದ. ಅಲ್ಲಿ ಸಿಕ್ಕಿದ್ದರ ಅವಧಿ ಮುಗಿದಿತ್ತು. ಸಂಜೆ ಐದೂವರೆಗೆ ಊರಿಗೆ ಬಂದಾಗ ಕರು ಎಲ್ಲಿದೆ ಎಂಬುದು ತಿಳಿಯಿತು. ಜೀಪು ನೇರ ಡೈರಿಯ ಮುಂದೆ ಬಂದು ನಿಂತಿತು. ಹಾಲಿನ ಸಾಲಿನಲ್ಲಿ ಮೂವತ್ತು ಜನ ಕ್ಯಾನು ಹಿಡಿದು ನಿಂತಿದ್ದರು. ಎದುರಿನ ಕೊಟ್ಟಿಗೆಯ ಬಾಗಿಲಲ್ಲಿ ತೀರ್ಥಮ್ಮ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು ಕೂತಿದ್ದಳು.

"ಓಂಕಾರೇಶ, ಕರು ಎತ್ತಿ ಜೀಪಿಗೆ ಹಾಕು," ಎಂದ ಶಿವಮೂರ್ತಪ್ಪ. ತೀರ್ಥಮ್ಮನ ಕಡೆ ನೋಡಲಿಲ್ಲ.

"ಎತ್ಕೊಂಡೋಗಿ ಭಾವ," ಎಂದಳು ತೀರ್ಥಮ್ಮ. "ಬೆಳಿಗ್ಗೆ ಒಂದ್ಸಲ ಕುಡಿದೈತೆ. ಎರಡನೇ ಸಲದ್ದು ಈ ಬಕೆಟ್ಟಲ್ಲೈತೆ. ಇದು ಹೊಟ್ಟೆಗೆ ಬಿದ್ರೆ ಉಳೀತದೆ, ಬೀಳದಿದ್ರೆ ಕಷ್ಟ."

"ಕೊಡು ಮತ್ತೆ."

"ಕೊಡ್ತೀನಿ. ಒಂಬತ್ತು ವರ್ಷದ ಕೆಳಗೆ ನನ್ ಕರು ಯಾಕೆ ಸತ್ತೋಯ್ತು, ಅದೊಂದ್ ಹೇಳಿ."

ಶಿವಮೂರ್ತಪ್ಪ ಹೆಗಲ ಮೇಲಿನ ಟವಲು ಸರಿ ಮಾಡಿಕೊಂಡ. "ಹಳೇದೆಲ್ಲ ಈಗ್ಯಾಕೆ?"

"ನನಗೆ ಹಳೇದಾಗಿಲ್ಲ."

ಸಾಲಿನಲ್ಲಿ ಕ್ಯಾನುಗಳು ಒಂದೊಂದಾಗಿ ನೆಲಕ್ಕಿಳಿದವು. ಒಳಗೆ ಕರು ಎದ್ದು, ಬಕೆಟ್ಟಿನ ವಾಸನೆಗೆ ಮೂತಿ ಚಾಚಿ ಕೂಗಿತು. ಸುಮನಾ ಗಂಡನ ಹಿಂದೆ ನಿಂತು, "ಮಾವ, ಹೇಳ್ಬಿಡಿ," ಎಂದಳು. ಆ ಮನೆಯಲ್ಲಿ ಸೊಸೆಯೊಬ್ಬಳು ಮಾವನಿಗೆ ಎಲ್ಲರೆದುರು ಹೇಳಿದ ಮೊದಲ ಮಾತು ಅದು.

"ಹಾಲಿಲ್ದೆ ಸತ್ತಿರ್ಬೋದು," ಎಂದ ಶಿವಮೂರ್ತಪ್ಪ.

"ಹಾಲಿತ್ತು. ನಮ್ಮ ಹಸೂದು ಕುಡ್ಸಿದ್ದೆ. ಏನಿರ್ಲಿಲ್ಲ?"

"ಗಿಣ್ಣು."

"ಅದರ ಗಿಣ್ಣು ಎಲ್ಲೋಗಿತ್ತು?"

"ನಮ್ಮನೆಗೆ."

"ಹಸೂನ ಹೊಡ್ಕೊಂಡು ಹೋದೋರು ಯಾರು?"

ಶಿವಮೂರ್ತಪ್ಪನ ಬಾಯಿ ಅಲ್ಲಾಡಿತು. ಸಾಲಿನ ಕೊನೆಯಿಂದ ತಿಪ್ಪಮ್ಮ, "ಹಿಂದಿನೋರ್ಗೆ ಕೇಳ್ಸಲ್ಲ ಕಣ್ರೀ," ಎಂದಳು. ಮಲ್ಲಿಕಾರ್ಜುನಯ್ಯ ಕೈ ಚಾಚಿ ಹಾಲು ಅಳೆಯುವ ಯಂತ್ರದ ಸದ್ದು ನಿಲ್ಲಿಸಿದರು.

"ನಾನು," ಎಂದ ಶಿವಮೂರ್ತಪ್ಪ, ಈಗ ಎಲ್ಲರಿಗೂ ಕೇಳುವ ಹಾಗೆ. "ನಾನೇ ಹೊಡ್ಕೊಂಡೋಗಿದ್ದೆ. ಕರು ಬಾಯಿ ಹಾಕೋಕೂ ಬಿಡ್ಲಿಲ್ಲ. ಅವಳ ಕೈದು ತಪ್ಪಿರ್ಲಿಲ್ಲ. ತಪ್ಪು ನಂದು."

ತೀರ್ಥಮ್ಮ ಬಕೆಟ್ಟಿನಿಂದ ಬಾಟಲಿ ಎತ್ತಿದಳು. ಒರೆಸಿ, ಕರುವಿನ ಕುತ್ತಿಗೆಯನ್ನು ತೊಡೆಯ ನಡುವೆ ಹಿಡಿದು, ನಿಧಾನವಾಗಿ ಕುಡಿಸಿದಳು. ಆತುರವಿಲ್ಲದೆ, ಕೊನೆಯ ಹನಿಯವರೆಗೆ. ಅಷ್ಟು ಹೊತ್ತೂ ಡೈರಿಯ ಅಧ್ಯಕ್ಷ ಊರಿನ ಎದುರು ನಿಂತೇ ಇದ್ದ. ಕರು ಬಾಲ ಅಲ್ಲಾಡಿಸಿತು.

"ಆಯ್ತಲ್ಲ. ಎತ್ತೋ," ಎಂದ ಅವನು ಮಗನಿಗೆ.

ತೀರ್ಥಮ್ಮ ಕರುವಿನ ಬೆನ್ನ ಮೇಲೆ ಬಲಗೈ ಇಟ್ಟಳು. "ಹಸು ನಿಮ್ದು, ಕರು ನಮ್ದು. ಮಾತಾಗಿದ್ದು ಅಷ್ಟೇ ಅಲ್ವಾ ಭಾವ? ಹಸು ನಿಮ್ಮ ಹಿತ್ತಲಲ್ಲೇ ಐತೆ."

ಹಸುವನ್ನು ಮಧ್ಯಾಹ್ನ ಅಲ್ಲಿ ಹೂಳಿದ್ದರು.

"ಅದು ಚುಕ್ಕಿಗೆ ಆಗಿದ್ದ ಮಾತು," ಎಂದ ಶಿವಮೂರ್ತಪ್ಪ.

"ಚುಕ್ಕಿ ಸಾಕಿದ್ದಕ್ಕೆ ನನಗೆ ಬರ್ಬೇಕಾದ ಕರು ಇನ್ನೂ ಬಂದಿಲ್ಲ. ಇದು ಚುಕ್ಕಿ ಮೊಮ್ಮಗಳು."

ಶಿವಮೂರ್ತಪ್ಪ ಡೈರಿಯ ಕಡೆ ತಿರುಗಿದ. ಮಲ್ಲಿಕಾರ್ಜುನಯ್ಯ ಕನ್ನಡಕ ತೆಗೆದರು, ಒರೆಸಿದರು. ಆದರೆ ಈ ಸಲ ಒಳಗೆ ಹೋಗಲಿಲ್ಲ. "ಹಸು ಕೊಟ್ಟೋರಿಗೆ, ಕರು ಸಾಕಿದೋರಿಗೆ. ಹಂಗೇ ಮಾತಾಗಿತ್ತು ಅಧ್ಯಕ್ಷರೇ. ನಾನೇ ಇದ್ನಲ್ಲ," ಎಂದರು.

ಓಂಕಾರೇಶ್ ಕರುವಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಶಿವಮೂರ್ತಪ್ಪ ಜೀಪಿನ ಕಡೆ ಹೆಜ್ಜೆ ಇಟ್ಟ.

"ತಡೀರಿ ಭಾವ," ಎಂದಳು ತೀರ್ಥಮ್ಮ. ಒಳಗೆ ಹೋಗಿ ಹಲಗೆಯ ಮೇಲಿನ ಬಟ್ಟಲು ಇಳಿಸಿ, ತೊಳೆದು, ಬೆಳಿಗ್ಗೆ ಅವರ ಮನೆಯಿಂದಲೇ ಬಂದಿದ್ದ ಗಟ್ಟಿ ಗಿಣ್ಣನ್ನು ಅದಕ್ಕೆ ತುಂಬಿಸಿಕೊಂಡು ಬಂದಳು. "ನಿಮ್ಮನೆ ಬಟ್ಟಲು ಇಲ್ಲೇ ಉಳಿದೋಗಿತ್ತು. ಖಾಲಿ ಕೊಡ್ಬಾರ್ದು ನೋಡಿ. ಬೆಲ್ಲ ಹಾಕಿಲ್ಲ."

ಯಾರಾದರೂ ಬಟ್ಟಲು ಚಾಚಿದರೆ ಕೈ ತಾನಾಗಿ ಮುಂದೆ ಬರುತ್ತದೆ. ಅವನ ಕೈಯೂ ಬಂತು. ತನ್ನ ಹೆಸರು ಕೆತ್ತಿದ ಬಟ್ಟಲನ್ನು ಹಿಡಿದುಕೊಂಡು ಶಿವಮೂರ್ತಪ್ಪ ಮೂವತ್ತು ಜನರ ಮುಂದೆ ನಡೆದು ಜೀಪು ಹತ್ತಿದ. ತಿಪ್ಪಮ್ಮ ಕ್ಯಾನು ಎತ್ತಿಕೊಂಡು ಮುಂದೆ ಬರುವಾಗ, "ತೀರ್ಥಮ್ಮ, ನಮ್ದೊಂದು ಕಡಸೈತೆ. ಪಾಲಿಗೆ ಸಾಕ್ತೀಯೇನೇ?" ಎಂದು ಕೇಳಿದಳು. ತೀರ್ಥಮ್ಮ ಯೋಚನೆ ಮಾಡಿ ಹೇಳ್ತೀನಿ ಎಂದಳು. ತಿಪ್ಪಮ್ಮನಿಗೂ ಸ್ವಲ್ಪ ದಿನ ಕಾಯುವುದು ಗೊತ್ತಾಗಲಿ ಎಂದು.

ಕತ್ತಲಾಗುವ ಮೊದಲು ಚಂದ್ರಕುಮಾರ್ ಹೊಲದಿಂದ ಬಂದು ಕರುವನ್ನು ನೋಡಿದ, ಹಲಗೆಯ ಮೇಲಿನ ಖಾಲಿ ಜಾಗವನ್ನು ನೋಡಿದ, ಹೆಂಡತಿಯ ಮುಖ ನೋಡಿದ.

"ಇನ್ನಾದ್ರೂ ಬಿಡ್ತೀಯೇನೇ?" ಎಂದ.

"ಅವರ್ದು ಬಿಟ್ಟೆ," ಎಂದಳು ತೀರ್ಥಮ್ಮ, ಕರುವಿಗೆ ಹೊದಿಸಲು ಗೋಣಿ ಕೊಡವುತ್ತಾ. "ಆವತ್ತು ಆ ಗಿಣ್ಣು ತಿಂದೋರು ನೀವು. ನಿಮ್ದಿನ್ನೂ ಐತೆ."